ಚೆಲುವಾಜಮ್ಮನ ಮನೆಯ ಒಡೆದ ಹಾಲು

ಮಕ್ಕಳಿಗೆ ಸಿಟ್ಟು ಬರಿಸುವುದು ನನ್ನ ಕಸುಬು. ನಮ್ಮಪ್ಪನದೂ ಅದೇ, ನಮ್ಮ ತಾತನದೂ ಅದೇ. ನನಗೆ ತೊಟ್ಟಿಲಲ್ಲಿ ಇಟ್ಟ ಹೆಸರು ಬೇರೆ ಒಂದಿದೆ, ಆದರೆ ಅದನ್ನು ಕರೆಯುವವರು ಯಾರೂ ಈಗ ಊರಲ್ಲಿ ಉಳಿದಿಲ್ಲ. ಎಲ್ಲರಿಗೂ ನಾನು ಕೆಣಕಪ್ಪ. ನಾನು ಬೀದಿಯಲ್ಲಿ ನಡೆದರೆ ಹತ್ತು ಹನ್ನೊಂದರ ಹುಡುಗರು ಗೋಡೆಗೆ ಅಂಟಿಕೊಂಡು ನಿಲ್ಲುತ್ತಾರೆ. ಇವನು ನಮ್ಮ ಯಾವ ಗುಟ್ಟು ಹಿಡಿದಿದ್ದಾನೋ ಎಂಬ ಭಯ ಅವರಿಗೆ. ನನಗೂ ಅದು ಒಳಗೊಳಗೇ ಖುಷಿಯೇ, ಸುಳ್ಳೇಕೆ ಹೇಳಲಿ.

ನಮ್ಮೂರಲ್ಲಿ ಸಿಟ್ಟು ಬಂದರೆ ಬರೀ ಮುಖ ಕೆಂಪಾಗಿ ಮುಗಿಯುವುದಿಲ್ಲ. ಒಂದೊಂದು ಮನೆತನದ ಸಿಟ್ಟಿಗೂ ಒಂದೊಂದು ಗುರುತು. ಪಟೇಲರ ಮನೆಯವರಿಗೆ ಸಿಟ್ಟು ಬಂದರೆ ಸುತ್ತಲಿನ ಬಾಗಿಲುಗಳು ತಾವಾಗಿ ದಡಾರನೆ ಮುಚ್ಚಿಕೊಳ್ಳುತ್ತವೆ. ಅದಕ್ಕೇ ಅವರ ಮನೆಯ ಪ್ರತಿ ಹೊಸಿಲಿಗೂ ಒಂದು ಗುಂಡುಕಲ್ಲು. ಗಾಣದವರ ಮನೆಯಲ್ಲಿ ದೀಪ ಆರುತ್ತದೆ, ಹಾಗಾಗಿ ಗಂಡ ಹೆಂಡತಿ ಜಗಳವನ್ನೆಲ್ಲ ಬೆಳಕಿರುವಾಗಲೇ ಆಡಿ ಮುಗಿಸುತ್ತಾರೆ. ಕುಂಬಾರ ಕೇರಿಯ ಒಂದು ಮನೆಯಲ್ಲಿ ಉಪ್ಪು ನೀರಾಗುತ್ತದೆ. ಅವರು ಉಪ್ಪಿನ ಮಡಕೆಯನ್ನು ಪಕ್ಕದ ಮನೆಯಲ್ಲಿಟ್ಟು ಚಿಟಿಕೆ ಚಿಟಿಕೆ ತಂದುಕೊಳ್ಳುತ್ತಾರೆ. ನಮ್ಮ ಮನೆಯವರಿಗೆ ಬಿಕ್ಕಳಿಕೆ ಬರುತ್ತದೆ, ಅಷ್ಟೇ. ಇಂಥ ನಿರುಪದ್ರವಿಗಳಿಗೇ ಕೆಣಕುವ ಕೆಲಸ ಸರಿ ಎಂದು ಹಿಂದಿನವರು ತೀರ್ಮಾನಿಸಿದರಂತೆ. ಊರೊಳಗೆ ಎಲ್ಲೇ ನಿಂತು ಸಿಟ್ಟಾದರೂ ಅದು ತನ್ನ ಮನೆಯವರೆಗೆ ಮುಟ್ಟೀತು, ಆದರೆ ಯಾರ ಸಿಟ್ಟೂ ಕೆರೆ ದಾಟುವುದಿಲ್ಲ. ಇದು ಎಲ್ಲರಿಗೂ ಗೊತ್ತಿರುವ ಮಾತು.

ಮಗುವಿಗೆ ಹನ್ನೆರಡು ತುಂಬಿದಾಗ ಮುನಿಸಿನ ದಿನ ಮಾಡುತ್ತೇವೆ. ತಂದೆ ತಾಯಿಯನ್ನು ಕೆರೆಯ ಆಚೆ ದಡದಲ್ಲಿ ಕೂರಿಸಿ, ಮಗುವನ್ನು ಈಚೆ ಏರಿಯ ಮೇಲಿನ ಕಟ್ಟೆಯಲ್ಲಿ ಕೂರಿಸಿ, ಊರಿನ ಎದುರಿಗೆ ನಾನು ಕೆಣಕುತ್ತೇನೆ. ಮನೆಯ ಗುರುತು ಕಂಡಿತೋ, ಪಟೇಲರು ಎದ್ದು ‘ಇದು ಇಂಥವರ ಮನೆಯ ಮಗು’ ಎಂದು ಸಾರುತ್ತಾರೆ, ಪಾಯಸ ಹಂಚುತ್ತಾರೆ. ಸಂಜೆಯವರೆಗೆ ಸಿಟ್ಟೇ ಬಾರದಿದ್ದರೆ ಮುಂದಿನ ವರ್ಷಕ್ಕೆ ನೋಡೋಣ ಎನ್ನುತ್ತಾರೆ. ಸಿಟ್ಟು ಬಂದೂ ಮನೆಯ ಗುರುತು ಕಾಣದಿದ್ದರೆ ಮಗು ಗಡಿಮನೆಗೆ ಹೋಗಬೇಕು. ಅಲ್ಲಿ ಊಟಕ್ಕೆ ಕೊರತೆಯಿಲ್ಲ, ಹೊದೆಯಲು ಕಂಬಳಿ ಇದೆ. ಆದರೆ ಅಲ್ಲಿಗೆ ಹೋದ ಮೇಲೆ ಅದು ಯಾರ ಮಗುವೂ ಅಲ್ಲ. ಯಾರನ್ನೂ ಅಮ್ಮ ಎಂದು ಕರೆಯುವಂತಿಲ್ಲ.

ಈಗ ಸಂಪಿಯ ವಿಷಯ ಹೇಳುತ್ತೇನೆ. ಉಪ್ಪಿನ ಗಾಡಿಗಳ ಜೊತೆ ಬಂದ ಗಂಡ ಹೆಂಡತಿ ಇಬ್ಬರು ನಮ್ಮೂರ ಛತ್ರದಲ್ಲಿ ಜ್ವರ ಬಂದು ತೀರಿಕೊಂಡರು. ಅವರ ಮಗಳು ಈ ಸಂಪಿ. ಆಗ ನಾಲ್ಕು ವರ್ಷವಿದ್ದೀತು. ಪಟೇಲ ಬಸವಂತಪ್ಪನವರು ಪಾಪ ಎಂದು ಎತ್ತಿಕೊಳ್ಳಲು ಹೋದರು. ಅವಳು ಅವರ ಮಣಿಕಟ್ಟನ್ನು ಕಚ್ಚಿದಳು, ಆಮೇಲೆ ಕಿರುಚಿದಳು. ಕಿರುಚಿದ್ದೇ ತಡ, ಸುತ್ತಮುತ್ತ ಇದ್ದ ಗಂಟುಗಳೆಲ್ಲ ಬಿಚ್ಚಿಕೊಂಡವು. ಮೂಟೆಗಳ ಬಾಯಿ ತೆರೆದು ಉಪ್ಪು ಸುರಿಯಿತು. ಎತ್ತುಗಳ ಹಗ್ಗ ಕಳಚಿ ಅವು ನೆಟ್ಟಗೆ ಪಟೇಲರ ಕಬ್ಬಿನ ಗದ್ದೆಗೇ ನುಗ್ಗಿದವು. ಅಂಥ ಗುರುತು ನಮ್ಮೂರಲ್ಲಿ ಯಾರ ಮನೆಯದೂ ಅಲ್ಲ. ಎಲ್ಲರೂ ಹಿಂದೆ ಸರಿದರು. ಹಿಂದೆ ಸರಿಯದೆ ಉಳಿದವಳು ಚೆಲುವಾಜಮ್ಮ ಒಬ್ಬಳೇ.

ಚೆಲುವಾಜಮ್ಮ ಬಲೆ ಹೆಣೆಯುವವಳು. ಗಂಡ ಹೋಗಿ ವರ್ಷಗಳಾಗಿದ್ದವು, ಮಕ್ಕಳಿರಲಿಲ್ಲ. ಬಲೆಯೆಂದರೆ ಏನು, ಗಂಟುಗಳೇ ತಾನೇ. ಊರಲ್ಲಿ ಈ ಹುಡುಗಿಗೆ ಎಲ್ಲರಿಗಿಂತ ಹೆಚ್ಚು ಹೆದರಬೇಕಾದವಳು ಅವಳು. ಅವಳು ಹೋಗಿ ನೆಲದ ಮೇಲೆ ಕೂತು, ತನ್ನ ಎಲೆಯಡಿಕೆ ಚೀಲದ ಬಿಚ್ಚಿದ ದಾರವನ್ನು ನಿಧಾನವಾಗಿ ಕಟ್ಟಿದಳು. ಹುಡುಗಿ ನೋಡಿದಳು, ಬಿಚ್ಚಿತು. ಮತ್ತೆ ಕಟ್ಟಿದಳು, ಮತ್ತೆ ಬಿಚ್ಚಿತು. ಉಪ್ಪಿನವರು ಎತ್ತು ಹಿಡಿದು ತರುವಷ್ಟರಲ್ಲಿ ಹುಡುಗಿ ಅವಳ ತೊಡೆಯ ಮೇಲೆ ನಿದ್ದೆ ಹೋಗಿದ್ದಳು, ಚೀಲದ ದಾರ ಕಟ್ಟಿಕೊಂಡೇ ಇತ್ತು.

‘ಯಾರದೋ ಬೀಜ, ಯಾವುದೋ ನೆಲ. ನಿನಗ್ಯಾಕವ್ವ ಈ ಉಸಾಬರಿ?’ ಎಂದು ಪಟೇಲರು ಕೇಳಿದರು. ಮಣಿಕಟ್ಟಿಗೆ ಅರಿಸಿನ ಹಚ್ಚಿಕೊಂಡಿದ್ದರು ಪಾಪ.

‘ಎದ್ರೆ ಕಚ್ತಾಳೆ ಬುದ್ಧಿ, ಮೆತ್ತಗೆ ಮಾತಾಡಿ,’ ಎಂದಳು ಚೆಲುವಾಜಮ್ಮ.

ಅವಳದು ಹಾಲು ಒಡೆಯುವ ಮನೆತನ. ಆ ಮನೆತನದಲ್ಲಿ ಕೊನೆಗೆ ಉಳಿದವಳು ಅವಳೇ. ಅವಳಿಗೆ ಸಿಟ್ಟು ಬಂದರೆ ಮನೆಯಲ್ಲೂ ಹತ್ತಿರದಲ್ಲೂ ಇರುವ ಹಾಲೆಲ್ಲ ಒಡೆದು ನೀರು ಬೇರೆ, ಗಟ್ಟಿ ಬೇರೆ ಆಗುತ್ತದೆ. ಆದರೆ ಅವಳಿಗೆ ಸಿಟ್ಟು ಬಂದದ್ದನ್ನು ಊರು ಕಂಡದ್ದು ಅಪರೂಪ. ಅವಳ ಮನೆಯ ಹಾಲು ಮರುದಿನದ ಸಂಜೆಯವರೆಗೂ ಕೆಡುವುದಿಲ್ಲ ಎಂದು ನೆರೆಯವರು ಹೆಮ್ಮೆಯಿಂದ ಹೇಳುತ್ತಿದ್ದರು.

ನಾನು ಅವಳ ಎದುರುಮನೆಯವನು. ಆದ್ದರಿಂದ ನಾನು ಹೇಳುವುದು ಕೇಳಿದ್ದಲ್ಲ, ಕಂಡದ್ದು. ಆ ಹುಡುಗಿ ಬಂದ ಮೊದಲ ವರ್ಷ ನಮ್ಮ ಬೀದಿಯಲ್ಲಿ ಒಂದು ಹಸುವೂ ಗೂಟದಲ್ಲಿ ನಿಲ್ಲಲಿಲ್ಲ. ಒಗೆದ ಬಟ್ಟೆ ಹಗ್ಗದಲ್ಲಿ ನಿಲ್ಲಲಿಲ್ಲ. ನಾನು ಪಂಚೆಯ ಮೇಲೆ ಬೆಲ್ಟು ಹಾಕಲು ಶುರುಮಾಡಿದ್ದು ಆಗಲೇ, ಬಕಲ್ಲು ಗಂಟಲ್ಲವಲ್ಲ. ಹುಡುಗಿ ಸುಳ್ಳು ಹೇಳುತ್ತಿದ್ದಳು, ಸಿಕ್ಕಿದ್ದನ್ನು ಕದ್ದು ಬಚ್ಚಿಡುತ್ತಿದ್ದಳು, ಮುಟ್ಟಲು ಹೋದರೆ ಕಚ್ಚುತ್ತಿದ್ದಳು. ಬೆಳಿಗ್ಗೆ ಚೆಲುವಾಜಮ್ಮ ಅವಳ ತಲೆ ಬಾಚಿ ಎರಡು ಜಡೆ ಹಾಕುವಳು. ಹುಡುಗಿ ಹೊಸಿಲು ದಾಟುವಷ್ಟರಲ್ಲಿ ಜಡೆ ಬಿಚ್ಚಿ ಕೂದಲು ಕೆದರಿರುತ್ತಿತ್ತು. ಮತ್ತೆ ಕರೆದು ಕೂರಿಸಿ ಹಾಕುವಳು. ನಾನಾಗಿದ್ದರೆ ತಲೆ ಬೋಳಿಸಿ ಕೈತೊಳೆದುಕೊಳ್ಳುತ್ತಿದ್ದೆ.

ಒಂದು ದಿನ ಹುಡುಗಿಯ ದಿಂಬಿನ ತುಂಬ ಇರುವೆ. ನೋಡಿದರೆ ಒಳಗೆ ಅನ್ನದ ಉಂಡೆಗಳು, ಹಳಸಿದ ರೊಟ್ಟಿಯ ಚೂರು. ನಮ್ಮವಳು ‘ಇನ್ನೇನು ಬೆನ್ನಿಗೆ ನಾಲ್ಕು ಬೀಳುತ್ತೆ’ ಎಂದು ಕಿಟಕಿಯಲ್ಲಿ ನಿಂತಳು, ನಾನೂ ನಿಂತೆ. ಚೆಲುವಾಜಮ್ಮ ದಿಂಬು ಕೊಡವಿ, ಒಳಗೆ ಹೋಗಿ ಮುಚ್ಚಳವಿದ್ದ ಒಂದು ತಗಡಿನ ಡಬ್ಬಿ ತಂದಳು. ‘ಇನ್ಮೇಲೆ ಇದ್ರಲ್ಲಿ ಬಚ್ಚಿಡು ಮಗಾ. ಇರುವೆ ಬರಲ್ಲ,’ ಎಂದಳು. ಹುಡುಗಿ ಡಬ್ಬಿ ಕಸಿದುಕೊಂಡು ಓಡಿದಳು. ಆಮೇಲೆ ಚೆಲುವಾಜಮ್ಮ ದಿನಾ ಆ ಡಬ್ಬಿಗೆ ಹೊಸ ರೊಟ್ಟಿ ಹಾಕಿ ಹಳೆಯದನ್ನು ತೆಗೆಯುತ್ತಿದ್ದಳು. ಯಾವಾಗಲೋ ಒಂದು ದಿನ ಹುಡುಗಿ ಆ ಡಬ್ಬಿಯಲ್ಲಿ ಬಳಪ ಇಟ್ಟುಕೊಂಡದ್ದನ್ನು ಕಂಡೆ. ಆ ದಿನ ನನಗೆ ಯಾಕೋ ತುಂಬ ಸಂತೋಷವಾಯಿತು.

ದೊಡ್ಡ ಅನಾಹುತ ನಡೆದದ್ದು ಕೆರೆ ತುಂಬಿದ ವರ್ಷ. ಬೆಸ್ತರಿಗಾಗಿ ಚೆಲುವಾಜಮ್ಮ ಇಡೀ ಬೇಸಿಗೆ ಕೂತು ಒಂದು ದೊಡ್ಡ ಬಲೆ ಹೆಣೆದಿದ್ದಳು. ನಾಳೆ ಒಯ್ಯುತ್ತಾರೆ ಎಂದಾಗ, ಶಾಲೆಯಲ್ಲಿ ಯಾರೋ ‘ಛತ್ರದೋಳು’ ಎಂದರೆಂದು ಹುಡುಗಿ ಸಿಡಿದುಕೊಂಡು ಮನೆಗೆ ಬಂದಳು. ಗೋಡೆಗೆ ಇಳಿಬಿಟ್ಟಿದ್ದ ಬಲೆ ಒಂದೊಂದೇ ಗಂಟು ಬಿಚ್ಚುತ್ತ ಬರೀ ನೂಲಿನ ಗುಡ್ಡೆಯಾಗಿ ನೆಲಕ್ಕೆ ಬಿತ್ತು. ಹುಡುಗಿಗೇ ಗಾಬರಿಯಾಗಿ ಮೂಲೆಗೆ ಸೇರಿ ಮೊಣಕೈಯಿಂದ ಮುಖ ಮುಚ್ಚಿಕೊಂಡಳು, ಏಟಿಗೆ ತಯಾರಾದವರ ಹಾಗೆ. ಚೆಲುವಾಜಮ್ಮ ಆ ಗುಡ್ಡೆಯಿಂದ ನೂಲಿನ ಒಂದು ತುದಿ ಹುಡುಕಿ ತೆಗೆದಳು. ಆಮೇಲೆ ಎರಡು ಹೆಣಿಗೆಕಡ್ಡಿ ತಂದು ಒಂದನ್ನು ಹುಡುಗಿಯ ಮುಂದೆ ಇಟ್ಟಳು.

‘ಬಿಚ್ಚಿದೋಳು ನೀನೊಬ್ಳು. ಕಟ್ಟೋಕೆ ನಾವಿಬ್ರು. ಬಾ, ಬೇಗ ಆಗುತ್ತೆ.’

ಅಂದಿನಿಂದ ಅದೇ ಅವರ ಮನೆಯ ಕಾನೂನಾಯಿತು. ಏನೇ ಬಿಚ್ಚಲಿ, ಬೈಗುಳವಿಲ್ಲ, ಇಬ್ಬರೂ ಕೂತು ಕಟ್ಟುವುದು. ನಮ್ಮ ಹಸುವಿನ ಹಗ್ಗ ಬಿಚ್ಚಿದರೂ ತಾಯಿ ಮಗಳು ಬಂದು ಕಟ್ಟಿ ಹೋಗುತ್ತಿದ್ದರು. ಅಷ್ಟು ಬಿಚ್ಚಿದವಳಿಗೆ ಅಷ್ಟೂ ಕಟ್ಟುವ ಅಭ್ಯಾಸವಾಯಿತು. ಹತ್ತರ ವಯಸ್ಸಿಗೆ ಅವಳ ಬೆರಳು ಓಡುವ ವೇಗಕ್ಕೆ ಬೆಸ್ತರು ಬೆರಗಾಗಿ ನಿಂತು ನೋಡುತ್ತಿದ್ದರು. ಜಡೆ ಮಧ್ಯಾಹ್ನದವರೆಗೆ ನಿಂತಿತು. ಆಮೇಲೆ ಸಂಜೆಯವರೆಗೆ ನಿಂತಿತು. ಹುಡುಗಿಯ ಮನಸ್ಸು ಹೇಗಿದೆ ಎಂದು ಕೇಳಬೇಕಾಗಿರಲಿಲ್ಲ, ಜಡೆ ನೋಡಿದರೆ ಸಾಕು.

ಆದರೆ ಚೆಲುವಾಜಮ್ಮನ ಮನೆಯಲ್ಲಿ ಹಾಲು ಒಡೆಯತೊಡಗಿತು. ಹುಡುಗಿ ಬಂದ ಎರಡನೆಯ ವರ್ಷವೋ ಮೂರನೆಯ ವರ್ಷವೋ ಶುರುವಾದದ್ದು ನಿಲ್ಲಲೇ ಇಲ್ಲ. ವಾರಕ್ಕೆರಡು ಸಲ, ಕೆಲವೊಮ್ಮೆ ದಿನಾ. ಬಲೆ ಬಿಚ್ಚಿ ಬಿದ್ದ ದಿನವೂ ಒಡೆದಿತ್ತು. ಅವಳು ಒಡೆದ ಹಾಲನ್ನು ಚೆಲ್ಲುತ್ತಿರಲಿಲ್ಲ. ಬೆಲ್ಲ ಹಾಕಿ ಕಾಯಿಸಿ ಉಂಡೆ ಕಟ್ಟಿ ಹುಡುಗಿಗೆ ಕೊಟ್ಟು, ನಮಗೂ ಕಳಿಸುತ್ತಿದ್ದಳು. ನಾವು ಉಂಡೆ ತಿನ್ನುತ್ತ ಮರುಗುತ್ತಿದ್ದೆವು. ‘ಮೇಲೆ ನಗ್ತಾಳೆ, ಒಳಗೆ ಕುದೀತಾಳೆ. ಹಾಲು ಸುಳ್ಳು ಹೇಳುತ್ತಾ? ನೂಲಿನಂತೆ ಸೀರೆ, ತಾಯಿಯಂತೆ ಮಗಳು ಅಂತ ಸುಮ್ನೆ ಹೇಳಿದಾರಾ? ಇವಳ ನೂಲು ಬೇರೆ, ಆ ಸೀರೆ ಬೇರೆ,’ ಎಂದು ನಮ್ಮವಳು ಹೇಳುವಳು. ಮತ್ತೊಂದು ಉಂಡೆ ಬಾಯಿಗೆ ಹಾಕಿಕೊಳ್ಳುವಳು.

ಒಮ್ಮೆ ಚೆಲುವಾಜಮ್ಮನೇ ನನ್ನ ಹತ್ತಿರ ಇದನ್ನು ಆಡಿದಳು. ಸಂತೆಯಲ್ಲಿ ಇಬ್ಬರೂ ನಗುತ್ತ ಬದನೆಕಾಯಿ ಆರಿಸುತ್ತಿದ್ದೆವು. ಮನೆಗೆ ಬಂದರೆ ಸಂಪಿ ಒಲೆಯ ಮುಂದೆ ಮುಖ ಊದಿಸಿಕೊಂಡು ಕೂತಿದ್ದಾಳೆ, ಹಾಲು ಒಡೆದಿದೆ. ಚೆಲುವಾಜಮ್ಮ ಪಾತ್ರೆ ಹಿಡಿದು ಜಗುಲಿಗೆ ಬಂದು ನಿಂತಳು.

‘ನೋಡು ಕೆಣಕಪ್ಪ. ಸಂತೇಲಿ ನಗ್ತಾ ಇದ್ದೆ ಅಂತ ನೀನೇ ಕಂಡೆ. ಆದ್ರೂ ಒಳಗೆಲ್ಲೋ ಅವಳ ಮೇಲೆ ಸಿಟ್ಟಿದೆ ನಂಗೆ. ನಂಗೇ ಗೊತ್ತಾಗಲ್ಲ, ಹಾಲಿಗೆ ಗೊತ್ತಾಗುತ್ತೆ. ಹೆತ್ತಿದ್ರೆ ಹಿಂಗಾಗ್ತಿರಲಿಲ್ವೇನೋ. ನಾನು ಒಳ್ಳೇ ತಾಯಲ್ಲ.’

ಮಕ್ಕಳ ಗುಟ್ಟು ಹಿಡಿಯುವುದರಲ್ಲಿ ನನ್ನಷ್ಟು ಜಾಣರಿಲ್ಲ ಎಂದು ಮೆರೆಯುತ್ತಿದ್ದೆ, ಆದರೇನು. ನಾನೂ ಊರಿನವನೇ ತಾನೇ, ಹಾಲು ಸುಳ್ಳು ಹೇಳುವುದಿಲ್ಲ ಎಂದೇ ನಂಬಿದ್ದೆ. ಬೆಲ್ಲ ಸಾಕಾಗುತ್ತದೆಯೇ ಎಂದು ಕೇಳಿ ಒಳಗೆ ಹೋದೆ.

ಹುಡುಗಿಗೆ ಹನ್ನೆರಡು ತುಂಬಿತು. ಊರಿಗೆಲ್ಲ ಒಂದೇ ಚಿಂತೆ: ಅವಳಿಗೆ ಸಿಟ್ಟು ಬಂದರೆ ಗಂಟು ಬಿಚ್ಚುತ್ತದೆ, ಗಂಟು ಬಿಚ್ಚಿದರೆ ಗಡಿಮನೆ. ಉಳಿದ ದಾರಿ ಒಂದೇ, ಸಂಜೆಯವರೆಗೆ ಸಿಟ್ಟು ಬಾರದ ಹಾಗೆ ಕೂತಿರುವುದು. ಮುಂದಿನ ವರ್ಷ ಮತ್ತೆ ಹಾಗೇ, ಅದರ ಮುಂದಿನ ವರ್ಷ ಮತ್ತೆ. ಚೆಲುವಾಜಮ್ಮ ನನ್ನ ಬಳಿ ಬಂದು ಮೆತ್ತಗೆ ಕೆಣಕು ಎಂದು ಬೇಡಲಿಲ್ಲ. ‘ನಿನ್ನ ಕೆಲಸ ನೀನು ಮಾಡು. ಅವಳ ಕೆಲಸ ಅವಳು ಮಾಡ್ತಾಳೆ,’ ಎಂದಳಷ್ಟೇ. ಆ ಬೆಳಿಗ್ಗೆ ಅವಳು ಹುಡುಗಿಗೆ ಬಿಗಿಯಾಗಿ ಜಡೆ ಹಾಕಿ, ಹರಿಗೋಲಿನಲ್ಲಿ ಕೆರೆ ದಾಟಿ ಆಚೆ ದಡದ ಹೊಂಗೆಮರದ ಕೆಳಗೆ ಹೋಗಿ ಕೂತಳು. ಈಚೆಯಿಂದ ನೋಡಿದರೆ ಒಂದು ಹಸಿರು ಸೀರೆಯ ಚುಕ್ಕೆ, ಅಷ್ಟೇ.

ಕಟ್ಟೆಯ ಮೇಲೆ ಹುಡುಗಿಯ ಪಕ್ಕದಲ್ಲಿ ಶಾಸ್ತ್ರಕ್ಕೆಂದು ಒಂದು ಪಾತ್ರೆ ಹಾಲು ಇಟ್ಟಿದ್ದರು. ಚೆಲುವಾಜಮ್ಮನ ಮನೆಯ ಗುರುತು ಅದು ತಾನೇ, ಇಡದಿದ್ದರೆ ತಪ್ಪಾಗುತ್ತದೆ. ಅದನ್ನು ಯಾರೂ ತಿರುಗಿಯೂ ನೋಡಲಿಲ್ಲ. ಎಲ್ಲರ ಕಣ್ಣೂ ಹುಡುಗಿಯ ಜಡೆಯ ಮೇಲೆ.

ನಾನು ಕೆಲಸ ಶುರುಮಾಡಿದೆ. ಸುಳ್ಳಿ ಎಂದೆ, ಕಳ್ಳಿ ಎಂದೆ. ಇರುವೆ ತುಂಬಿದ ದಿಂಬಿನ ಕಥೆಯನ್ನು ಊರಿಗೆಲ್ಲ ಕೇಳುವಂತೆ ಅಭಿನಯಿಸಿ ತೋರಿಸಿದೆ. ಜನ ಬಿದ್ದು ಬಿದ್ದು ನಕ್ಕರು, ಹುಡುಗಿಯೂ ನಕ್ಕಳು. ‘ಛತ್ರದೋಳು’ ಎಂದೆ. ‘ಹೌದು ಮಾಮ, ಛತ್ರದಲ್ಲೇ ಸಿಕ್ಕಿದ್ದು,’ ಎಂದಳು. ಅವಳ ಬೆರಳುಗಳು ಮಾತ್ರ ಮಡಿಲಲ್ಲಿ ಒಂದು ತುಂಡು ದಾರವನ್ನು ಕಟ್ಟುತ್ತಿದ್ದವು, ಕಟ್ಟುತ್ತಲೇ ಇದ್ದವು. ಎಷ್ಟೋ ಮಕ್ಕಳನ್ನು ಕೆಣಕಿದ್ದೇನೆ. ಪಟೇಲರ ಮೊಮ್ಮಗ ಅವನ ಮೂಗಿನ ಬಗ್ಗೆ ನಾನು ಒಂದು ಮಾತಾಡಿದ್ದಕ್ಕೇ ಬಾಗಿಲು ಬಡಿಸಿದ್ದ. ಈ ಕಚ್ಚುವ ಹುಡುಗಿ ಬಿಸಿಲು ಇಳಿಯುವವರೆಗೆ ಕೂತಳು. ನನಗೆ ಹೆಮ್ಮೆಯಾಗತೊಡಗಿತು, ಸೋಲುತ್ತಿರುವವನು ನಾನೇ ಆಗಿದ್ದರೂ. ಇದು ಅವಳು ಹುಟ್ಟುವಾಗ ತಂದದ್ದಲ್ಲ. ಗಂಟು ಗಂಟಾಗಿ ಕಲಿತದ್ದು.

ನನ್ನ ಬಳಿ ಒಂದು ಮಾತು ಉಳಿದಿತ್ತು. ಅದನ್ನು ಆಡಬಾರದೆಂದು ಮನಸ್ಸಿನಲ್ಲೇ ನಿರ್ಧರಿಸಿದ್ದೆ. ಆದರೆ ಪಟೇಲರಿಗೆ ತಾಳ್ಮೆ ಕೆಟ್ಟಿತು. ಬೆಳಿಗ್ಗೆಯಿಂದ ಬಿಸಿಲಲ್ಲಿ ಕೂತಿದ್ದರು, ವಯಸ್ಸೂ ಆಗಿತ್ತು. ಊರೊಳಗೆ ಎಲ್ಲೋ ಬಾಗಿಲುಗಳು ದಡ್ ದಡ್ ಎಂದು ಮುಚ್ಚಿಕೊಳ್ಳುವುದು ಏರಿಯವರೆಗೂ ಕೇಳಿಸಿತು. ಅವರು ಎದ್ದು ನಿಂತರು.

‘ಏನು ನಗ್ತೀಯ ಹುಡುಗಿ? ನಿನ್ನಿಂದ ಆ ಹೆಂಗಸಿನ ಮನೇಲಿ ಹಾಲು ಉಳಿದಿದ್ಯಾ? ಎಲ್ಲರ ಎದುರಿಗೆ ಮಗಾ ಮಗಾ ಅಂತಾಳೆ, ಒಳಗೆ ನಿನ್ನ ಕಂಡ್ರೆ ಕೊತಕೊತ ಕುದೀತಾಳೆ. ಅವಳ ಹಾಲೇ ಊರಿಗೆಲ್ಲ ಹೇಳಿದೆ.’

ಹುಡುಗಿಯ ಬೆರಳು ನಿಂತಿತು. ಅವಳು ಎದ್ದಳು.

‘ನನ್ನನ್ನ ಎಷ್ಟಾದ್ರೂ ಬೈಯಿರಿ. ನಮ್ಮಮ್ಮನ ವಿಷಯ ಎತ್ತಬೇಡಿ. ನಮ್ಮಮ್ಮಂಗೆ ನನ್ನ ಮೇಲೆ ಸಿಟ್ಟಿಲ್ಲ. ಒಂದು ದಿನಾನೂ ಇರಲಿಲ್ಲ.’

ಅವಳು ಕಿರುಚಲಿಲ್ಲ, ಮೆಲ್ಲಗೇ ಹೇಳಿದಳು. ಮೊದಲು ಅವಳ ಎರಡು ಜಡೆಗಳೂ ಬಿಚ್ಚಿದವು. ಆಮೇಲೆ ಪಟೇಲರ ರುಮಾಲು ಸುರುಳಿ ಸುರುಳಿಯಾಗಿ ಹೆಗಲ ಮೇಲೆ ಇಳಿಯಿತು. ಆಮೇಲೆ ಸಾಲಾಗಿ ಕೂತಿದ್ದ ಹಿರಿಯರೆಲ್ಲ ಒಟ್ಟಿಗೇ ಪಂಚೆ ಹಿಡಿದುಕೊಂಡರು. ಚೆಲುವಾಜಮ್ಮನನ್ನು ಆಚೆ ಬಿಟ್ಟು ಬಂದು ಈಚೆ ದಡದಲ್ಲಿ ಕಟ್ಟಿದ್ದ ಹರಿಗೋಲು ಹಗ್ಗ ಕಳಚಿ ತೇಲತೊಡಗಿತು. ನಗಬೇಕಾದ ಹೊತ್ತು, ಆದರೆ ಯಾರೂ ನಗಲಿಲ್ಲ. ಗಂಟು ಬಿಚ್ಚಿತ್ತು. ನಮ್ಮವಳು ಸೆರಗಿನಿಂದ ಬಾಯಿ ಮುಚ್ಚಿಕೊಂಡಳು.

ಪಟೇಲರು ಒಂದು ಕೈಯಲ್ಲಿ ಪಂಚೆ ಹಿಡಿದು, ಇನ್ನೊಂದು ಕೈ ಎತ್ತಿ ಗಡಿಮನೆಯ ಕಡೆ ತೋರಿಸಲು ಹೊರಟರು. ನನಗೆ ಬಿಕ್ಕಳಿಕೆ ಶುರುವಾಯಿತು. ಕಸುಬು ಹಿಡಿದ ಮೇಲೆ ಕಟ್ಟೆಯ ಮೇಲೆ ನನಗೆ ಬಿಕ್ಕಳಿಕೆ ಬಂದದ್ದು ಅದೇ ಮೊದಲು. ಅದನ್ನು ನಿಲ್ಲಿಸಲೆಂದು ಕೈಗೆ ಸಿಕ್ಕಿದ ಪಾತ್ರೆ ಎತ್ತಿ ಬಾಯಿಗಿಟ್ಟೆ. ಬಾಯಿಗೆ ಬಂದದ್ದು ಹಾಲಲ್ಲ, ಹುಳಿ ನೀರು.

ಪಾತ್ರೆಯೊಳಗೆ ನೋಡಿದೆ. ಗಟ್ಟಿ ಬೇರೆ, ನೀರು ಬೇರೆ. ಪಟೇಲರ ಮುಂದೆ ಹಿಡಿದೆ, ಅವರೂ ನೋಡಿದರು. ಪಾತ್ರೆ ಕೈಯಿಂದ ಕೈಗೆ ಹೋಯಿತು. ಒಂದು ಕೈ ಪಂಚೆಗೆ ಬೇಕಾಗಿದ್ದರಿಂದ ಎಲ್ಲರೂ ಒಂದೇ ಕೈಯಲ್ಲಿ ಹಿಡಿದು ನೋಡಿದರು. ಆಮೇಲೆ ಎಲ್ಲರ ಕಣ್ಣೂ ಕೆರೆಯ ಆಚೆಗೆ ಹೋಯಿತು. ಹಸಿರು ಚುಕ್ಕೆ ಹೊಂಗೆಮರದ ಕೆಳಗೇ ಇತ್ತು. ನಡುವೆ ಅಷ್ಟಗಲ ನೀರು. ಯಾರ ಸಿಟ್ಟೂ ನೀರು ದಾಟುವುದಿಲ್ಲ. ಆ ಮನೆತನದವರು ಈಚೆ ದಡದಲ್ಲಿ ಯಾರೂ ಇರಲಿಲ್ಲ, ಕೂದಲು ಕೆದರಿಕೊಂಡು ನಿಂತಿದ್ದ ಈ ಹುಡುಗಿಯನ್ನು ಬಿಟ್ಟರೆ.

‘ಗಂಟೂ ಬಿಚ್ಚಿತಲ್ಲ,’ ಎಂದು ಹಿಂದಿನಿಂದ ಯಾರೋ ಗೊಣಗಿದರು.

‘ಬಿಚ್ಚಲಿ. ಅದು ಹುಡುಗಿ ತಂದಿದ್ದು, ಇದು ಚೆಲುವಾಜಮ್ಮ ಕೊಟ್ಟಿದ್ದು. ಎರಡಿರಬಾರದು ಅಂತ ಯಾರೂ ಹೇಳಿಲ್ಲ,’ ಎಂದರು ಪಟೇಲರು. ಮುಂಗೋಪಿ ಮನುಷ್ಯ, ಆದರೆ ಕಣ್ಣಿಗೆ ಕಂಡದ್ದನ್ನು ಇಲ್ಲ ಎನ್ನುವವರಲ್ಲ. ಪಂಚೆ ಕಟ್ಟಿಕೊಂಡು, ಗಂಟಲು ಸರಿಮಾಡಿಕೊಂಡು, ‘ಇದು ಚೆಲುವಾಜಮ್ಮನ ಮನೆಯ ಮಗು’ ಎಂದು ಸಾರಿದರು.

ನಾನು ನೀರಿಗಿಳಿದು ತೇಲುತ್ತಿದ್ದ ಹರಿಗೋಲನ್ನು ಹಿಡಿದು, ಪಾತ್ರೆಯನ್ನು ತೊಡೆಯ ಮಧ್ಯೆ ಇಟ್ಟುಕೊಂಡು ಆಚೆಗೆ ಹೊರಟೆ. ಹುಟ್ಟು ಹಾಕುತ್ತ ನನ್ನ ತಲೆಗೆ ನಾನೇ ಮೊಟಕಿಕೊಳ್ಳಬೇಕೆನಿಸಿತು. ಬಲೆ ಬಿಚ್ಚಿ ಬಿದ್ದ ದಿನ ಆ ಮನೆಯಲ್ಲಿ ಹಾಲು ಒಡೆದಿತ್ತು. ಆದರೆ ಸಿಟ್ಟಾದವಳು ಯಾರು? ಸಂತೆಯ ದಿನ ಒಲೆಯ ಮುಂದೆ ಮುಖ ಊದಿಸಿಕೊಂಡು ಕೂತವಳು ಯಾರು? ಎಲ್ಲಕ್ಕಿಂತ ಕಷ್ಟದ ಆ ಮೊದಲ ವರ್ಷ, ಹುಡುಗಿ ಕಚ್ಚುತ್ತಿದ್ದಾಗ, ಕದಿಯುತ್ತಿದ್ದಾಗ, ಹಾಲು ಒಂದು ದಿನವೂ ಒಡೆದಿರಲಿಲ್ಲ. ಹುಡುಗಿ ಆ ಮನೆಗೆ ಒಗ್ಗಿಕೊಂಡ ಮೇಲೆಯೇ ಒಡೆಯಲು ಶುರುವಾದದ್ದು. ಇಡೀ ಊರು ಉಂಡೆ ತಿಂದು ಮರುಗಿತೇ ಹೊರತು ಒಬ್ಬರೂ ಇದನ್ನು ಯೋಚಿಸಲಿಲ್ಲ.

ಚೆಲುವಾಜಮ್ಮ ನೀರಿನ ಅಂಚಿಗೆ ಬಂದು ನಿಂತಿದ್ದಳು. ನನ್ನ ಮುಖ ನೋಡಲಿಲ್ಲ, ಪಾತ್ರೆಯನ್ನೇ ನೋಡಿದಳು. ಅವಳ ಮುಖ ಇಳಿದುಹೋಯಿತು.

‘ಇಲ್ಲಿ ಕೂತ್ರೂ ಬಿಡಲಿಲ್ವಾ ಇದು? ನಾನು ಸಿಟ್ಟಾಗಿರಲಿಲ್ಲ ಕೆಣಕಪ್ಪ. ದೇವರಾಣೆ. ಹೆದರಿದ್ದೆ, ಅಷ್ಟೇ.’

‘ನಿಂದಲ್ಲ ಕಣವ್ವ ಇದು. ನೀರು ದಾಟುತ್ತಾ? ಇದು ಅವಳದ್ದು.’

ಅವಳಿಗೆ ಅರ್ಥವಾಗಲಿಲ್ಲ. ನಾನು ನಡೆದದ್ದನ್ನೆಲ್ಲ ಹೇಳಿದೆ, ಪಟೇಲರು ಸಾರಿದ್ದನ್ನೂ ಹೇಳಿದೆ. ಅವಳು ಹೊಂಗೆಮರದ ಬೇರಿನ ಮೇಲೆ ಕೂತಳು.

‘ಹಂಗಾದ್ರೆ ಇಷ್ಟು ವರ್ಷ ಒಡೆದಿದ್ದು?’

‘ಎಲ್ಲ ಅವಳದ್ದೇ.’

‘ನಂದಲ್ಲ?’

‘ನಿಂದು ಒಂದು ಸಲಾನೂ ಅಲ್ಲ ಚೆಲುವಾಜಮ್ಮ.’

ಅವಳು ಸೆರಗಿನಲ್ಲಿ ಮುಖ ಮುಚ್ಚಿಕೊಂಡು ಅತ್ತಳು. ನಾನು ಬೇರೆ ಕಡೆ ನೋಡಿದೆ. ನನ್ನ ಕಣ್ಣೂ ಒದ್ದೆಯಾಗಿತ್ತು, ಅದನ್ನು ಬಿಸಿಲಿನ ಮೇಲೆ ಹಾಕಿದೆ. ದೂರದಲ್ಲಿ ಏರಿಯ ಮೇಲೆ ಹುಡುಗಿ ಕೈ ಬೀಸುತ್ತಿದ್ದಳು. ಸ್ವಲ್ಪ ಹೊತ್ತಿಗೆ ಚೆಲುವಾಜಮ್ಮ ಮುಖ ಒರೆಸಿಕೊಂಡು ಹರಿಗೋಲು ಹತ್ತಿದಳು. ಪಾತ್ರೆಯನ್ನು ಮಡಿಲಲ್ಲಿಟ್ಟುಕೊಂಡು, ಒಂದು ಬೆರಳು ಅದ್ದಿ ನಾಲಿಗೆಗೆ ಇಟ್ಟುಕೊಂಡಳು. ಮುಖ ಹಿಂಡಿದಳು. ಆಮೇಲೆ, ಎಂಟು ವರ್ಷದಲ್ಲಿ ನಾನು ಕಾಣದಿದ್ದ ಒಂದು ನಗು ನಕ್ಕಳು.

‘ನನ್ನದಕ್ಕಿಂತ ಹುಳಿ,’ ಎಂದಳು. ‘ಇದಕ್ಕೆ ಬೆಲ್ಲ ಇನ್ನೊಂದಚ್ಚು ಹೆಚ್ಚಿಗೆ ಬೇಕು.’